ಇಳಿಜಾರು ಹುಡುಕುವವನು

ಚಾಮರಾಜನಗರದ ಶಾಂತಮಲ್ಲಪ್ಪ ಇಂಜಿನ್ನೆಲ್ಲ ಹೊರಗೇ ಕಾಣುವ ಆ ಸೆಕೆಂಡ್ ಹ್ಯಾಂಡ್ ಬೈಕು ಕೊಂಡಂದಿನಿಂದ ಹೆಂಡತಿ ಗಂಗಾಂಬಿಕೆಗೆ ತಲೆ ಚಿಟ್ಟು ಹಿಡಿದುಹೋಗಿದೆ. ತಳ್ಳದೆ ಸ್ಟಾರ್ಟಾಗದ ಗಾಡಿ. ಹಾಗಾಗಿ ಕಾಫಿಪುಡಿ ಅಂಗಡಿ, ಎಸ್‌ಟಿಡಿ ಬೂತು, ಕೊನೆಗೆ ಹಲ್ಲಿನ ಡಾಕ್ಟರೂ ಇಳಿಜಾರಿರುವ ಕಡೆಯೇ ಆಗಬೇಕು. "ಮಾರಾಕಿ ಅತ್ಲಾಗೆ" ಎಂದರೆ "ಪಿಕಪ್ ನೋಡಮ್ಮಿ ಒಸಿ" ಅನ್ನುತ್ತಾನೆ. ಲುಕ್ಕಿಗೆ ಅಡ್ಡವೆಂದು ಸ್ಯಾರಿ ಗಾರ್ಡನ್ನೂ ಕಿತ್ತೆಸೆದಿದ್ದಾನೆ. ಗುಂಡ್ಲುಪೇಟೆಯ ಅವಳ ತವರಿನ ಬೀದಿಯಂತೂ ರೊಟ್ಟಿ ಹೆಂಚಿನಂತೆ ಸಪಾಟು. ಆದರೂ ಭಾನುವಾರ ಬಂದರೆ ಸವಾರಿ ಅಲ್ಲಿಗೇ. ಹೊರಡುವಾಗ "ನೀ ಅವ್ವನ್ ತಾವ ಮಾತಾಡ್ತಿರು, ಸ್ಟಾರ್ಟಾದ್ಮೇಲೆ ಕೂಗ್ತೀನಿ" ಎಂದು ಒಬ್ಬನೇ ತಳ್ಳುತ್ತಾನೆ. ಮೊನ್ನೆ ಅವ್ವನ ಮಾತು ಮುಗಿಯುವ ಮೊದಲೇ ಬೈಕು ಗುಡುಗಿತು. ಗೊಣಗುತ್ತಾ ಎದ್ದ ಗಂಗಾಂಬಿಕೆ ಕಿಟಕಿಯಲ್ಲಿ ಇಣುಕಿದಳು. ಶಾಂತಮಲ್ಲಪ್ಪ ಬೆವರು ಒರೆಸಿಕೊಂಡು, ಕೀ ತಿರುಗಿಸಿ ಇಂಜಿನ್ ಆಫ್ ಮಾಡಿ, ಮತ್ತೆ ತಳ್ಳತೊಡಗಿದ್ದ.