ಸಮಾಧಿ ಇಲ್ಲದ ತಾತನಿಗೆ ಹಾಲು-ತುಪ್ಪ

“ಹಾಲು-ತುಪ್ಪ ಎಲ್ಲಿಗೆ ಬುಡ್ತೀಯವ್ವ? ಆಸ್ಪತ್ರೆ ಬಾಗ್ಲಿಗಾ?” ಎಂದು ಸೋದರತ್ತೆ ಕೇಳಿದಾಗ ಅಜ್ಜಿ ತಂಬಿಗೆ ಹಿಡಿದು ಮಿಡಿಗೇಶಿಯ ನಮ್ಮ ಮನೆಯ ಹೊಸಿಲಲ್ಲೇ ನಿಂತುಬಿಟ್ಟರು.

ತಾತ ತೀರಿಕೊಂಡು ಅಂದಿಗೆ ಮೂರನೇ ದಿನ. ಅವರು ಬಯಸಿದ್ದಂತೆಯೇ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆಂದು ಕಾಲೇಜಿಗೆ ಒಪ್ಪಿಸಿದ್ದೆವು. ನಮ್ಮ ಮನೆಯಲ್ಲಿ ಮೂರನೇ ದಿನ ಸಮಾಧಿಯ ಮೇಲೆ ಹಾಲು-ತುಪ್ಪ ಬಿಡುತ್ತಾರೆ. ಬಿಡದಿದ್ದರೆ ಹೋದವರು ಹಸಿದೇ ಇರುತ್ತಾರೆ ಎಂಬುದು ಅಜ್ಜಿಯ ನಂಬಿಕೆ. ದೇಹದಾನಕ್ಕೆ ಧೈರ್ಯವಾಗಿ ಒಪ್ಪಿದ್ದ ಅವರಿಗೆ ಈ ದಿನದ ಯೋಚನೆ ಬಂದಿರಲಿಲ್ಲ.

ಅಜ್ಜಿ ತಂಬಿಗೆ ಸಮೇತ ಒಳಗೆ ಹೋಗಿ, ತಾತನ ಲೋಟಕ್ಕೆ ಆ ಹಾಲನ್ನೇ ಬಗ್ಗಿಸಿ ನನ್ನ ಕೈಗಿಟ್ಟರು. “ಕುಡಿ ಮಗ.”

“ಅಯ್ಯೋ, ಸತ್ತೋರ ಪಾಲು ಕಣವ್ವ ಅದು!” ಎಂದು ಅತ್ತೆ ಚೀರಿದರು.

“ಸುಮ್ಕಿರು ಕಣೇ. ಇವ್ಳಿಗೆ ಉಳಿಸ್ದೆ ಒಂದಿನ ಹಾಲು ಕುಡ್ದೋರಾ ನಿಮ್ಮಪ್ಪ? ಇವ್ಳು ಕುಡುದ್ರೆ ಅವ್ರ ಹೊಟ್ಟೆ ತುಂಬ್ತದೆ.”

ನಿಜ. ನಾನು ಚಿಕ್ಕವಳಿದ್ದಾಗ ಊಟವಾದ ಮೇಲೆ ತಾತ ಲೋಟದ ತಳದಲ್ಲಿ ಕೆನೆ ಉಳಿಸಿ, ನಾನು ಬರುವವರೆಗೂ ಅಂಗೈಯಿಂದ ಮುಚ್ಚಿ ಹಿಡಿದು ಕೂರುತ್ತಿದ್ದರು. ಆ ಕೆನೆಗೆ ಕದ್ದು ಸಕ್ಕರೆ ಹಾಕಿಕೊಳ್ಳುತ್ತಿದ್ದದ್ದು ಅಜ್ಜಿಗೆ ಗೊತ್ತಿಲ್ಲ ಎಂದೇ ನಾವಿಬ್ಬರೂ ತಿಳಿದಿದ್ದೆವು.

ನಾಲ್ಕು ಜನರ ಮುಂದೆ ಅಳುವುದು ನನ್ನ ಸ್ವಭಾವವಲ್ಲ. ಲೋಟ ಮುಖಕ್ಕೆ ಅಡ್ಡವಿತ್ತು, ನಿಧಾನವಾಗಿ ಪೂರ್ತಿ ಕುಡಿದೆ.

ತಾತನ ನೆನಪಾದರೆ ಹೋಗಿ ನಿಲ್ಲಲು ಊರಿನಲ್ಲಿ ಒಂದು ಜಾಗವಿಲ್ಲ. ಆದರೆ ಅವರು ಹಸಿದಿರಬಹುದು ಎಂದು ಅಜ್ಜಿ ಆಮೇಲೆ ಒಮ್ಮೆಯೂ ಹೇಳಿಲ್ಲ.