ಎಂಜಿನಿಯರ್ ಸಾಹೇಬರ ತಲೆಕಟ್ಟು

ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಾಗೆಕಾಲಪ್ಪನವರ ಮೇಜಿಗೆ ಬರುತ್ತಿದ್ದದ್ದು ಬೇರೆ ಯಾರೂ ಓದಲಾಗದ ವಿಳಾಸಗಳು. ಕಾಗೆಕಾಲು ಗುಬ್ಬಿಕಾಲು ಅಕ್ಷರದ ಲಕೋಟೆ ಕಂಡರೆ ಸಾಕು, ಉಳಿದವರು ಅದನ್ನು ಅವರತ್ತ ತಳ್ಳಿ ಕೈತೊಳೆದುಕೊಳ್ಳುತ್ತಿದ್ದರು. ಕಾಗೆಕಾಲಪ್ಪ ಎಂಬ ಹೆಸರು ಅಂಟಿಕೊಂಡಿದ್ದೇ ಹಾಗೆ. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಕಾಗದ ತಪ್ಪು ಮನೆಗೆ ಹೋಗಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನಿವೃತ್ತರಾಗುವ ಹೊತ್ತಿಗೆ ಅವರಿಗೆ ವಿಳಾಸದ ಜೊತೆಗೆ ಬರೆದವರ ಗುಣವೂ ಕಾಣಿಸತೊಡಗಿತ್ತು. ಕೊಂಬು ಎಳೆಯುವ ರೀತಿಯಲ್ಲಿ ಕೋಪ, ಸೊನ್ನೆಯನ್ನು ಪೂರ್ತಿ ಮುಚ್ಚದ ಕೈಯಲ್ಲಿ ಧಾರಾಳತನ. ಅಂಗಡಿಯವರು ಕೆಲಸ ಕೇಳಿ ಬಂದವರ ಅರ್ಜಿಗಳನ್ನು ಹಿಡಿದು ಗುಣ ಕೇಳಲು ಕಾಗೆಕಾಲಪ್ಪನವರ ಮನೆ ಬಾಗಿಲಿಗೆ ಬರುತ್ತಿದ್ದರು.

ಅವರ ಹೆಂಡತಿ ಶಾಲೆಯಲ್ಲಿ ಮಕ್ಕಳ ಪುಸ್ತಕ ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡವರು. "ನಿಬ್ಬು ಮೊಂಡಾಗಿದ್ರೆ ಸನ್ಯಾಸಿನೂ ಒತ್ತಿ ಬರೀತಾನೆ ಕಣ್ರೀ" ಅನ್ನುತ್ತಿದ್ದರು. ಕಾಗೆಕಾಲಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ.

ಊರಿಗೆ ನಲ್ಲಿ ನೀರು ಬಂದು ನೂರು ವರ್ಷ ತುಂಬಲಿತ್ತು. ನೀರು ತಂದ ಎಂಜಿನಿಯರ್ ಸಾಹೇಬರ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ನೀರು ಸರಬರಾಜು ಕಚೇರಿ ಮುಂದೆ ಅವರ ಪ್ರತಿಮೆಯೇನೋ ಇತ್ತು, ಆದರೆ ಅದರ ಮುಖವನ್ನು ಪಾರಿವಾಳಗಳು ಎಂದೋ ವಶಪಡಿಸಿಕೊಂಡಿದ್ದವು. ಅಷ್ಟರಲ್ಲಿ ಅದೇ ಕಚೇರಿಯ ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ಸಾಹೇಬರ ಅರವತ್ತೆರಡು ಪತ್ರಗಳು ಸಿಕ್ಕವು. ಕಚೇರಿಯ ಅಧಿಕಾರಿ ಕಾಗೆಕಾಲಪ್ಪನವರನ್ನು ಕರೆಸಿದರು.

"ಸಾಹೇಬ್ರು ಎಂಥ ಮನುಷ್ಯ ಅಂತ ಒಂದು ಪುಸ್ತಕ ಬರ್ಕೊಡಿ ಸಾರ್. ತೆಳ್ಳಗಿದ್ರೆ ಸಾಕು."

ನಾಲ್ಕು ತಿಂಗಳು ಮನೆಯ ಊಟದ ಮೇಜು ಪತ್ರಗಳ ಪಾಲಾಯಿತು. ಗಂಡ ಹೆಂಡತಿ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಂಡರು. ಭೂತಗನ್ನಡಿಯಲ್ಲಿ ಒಂದೊಂದೇ ಅಕ್ಷರ ಹಿಗ್ಗಿದಂತೆ ಕಾಗೆಕಾಲಪ್ಪನವರೂ ಹಿಗ್ಗಿದರು. ಸಾಹೇಬರ ತಲೆಕಟ್ಟು ಬಲಕ್ಕೆ ಚಿಮ್ಮಿ ಮೇಲೇರುತ್ತಿತ್ತು: ಯಾರಿಗೂ ತಲೆ ಬಾಗದ ಮನುಷ್ಯ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದು ಕಾಲೂರಿ ನಿಲ್ಲುತ್ತಿದ್ದವು: ಕೈಕೆಳಗಿನವರನ್ನು ನಡುನೀರಿನಲ್ಲಿ ಬಿಡದವನು. "ಭಯವೆಂಬುದು ಈ ಕೈಗೆ ಗೊತ್ತಿಲ್ಲ" ಎಂದು ಬರೆದ ದಿನ ಅವರಿಗೆ ತಮ್ಮ ಬೆನ್ನೇ ನೆಟ್ಟಗಾದಂತೆ ಅನಿಸಿತು. ಪುಸ್ತಕ ಅಚ್ಚಾಯಿತು. ಪತ್ರಿಕೆಯಲ್ಲಿ ಒಂದು ಪತ್ರದ ಚಿತ್ರದ ಸಮೇತ ಸುದ್ದಿಯೂ ಬಂತು.

ಮೂರನೇ ದಿನ ನಿವೃತ್ತ ನರ್ಸಮ್ಮ ಒಬ್ಬರು ಮನೆ ಹುಡುಕಿಕೊಂಡು ಬಂದರು. ಚೀಲದಿಂದ ಹಳೇ ನೋಟು ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಗೆಯಲು ಹಾಕಿದ ಬಟ್ಟೆಗಳ ಪಟ್ಟಿ: ಅಂಗಿ ನಾಲ್ಕು, ದಿಂಬಿನ ಚೀಲ ಎರಡು.

"ಇದು ನಮ್ಮಜ್ಜನ ಅಕ್ಷರ. ಪೇಪರಲ್ಲಿ ಬಂದಿರೋದೂ ಇದೇ ಅಲ್ವಾ ಸಾರ್? ಅಜ್ಜ ನೀರಿನ ಕಚೇರೀಲಿ ನಕಲು ಗುಮಾಸ್ತರಾಗಿದ್ರು."

ಭೂತಗನ್ನಡಿ ಬೇಕಾಗಲಿಲ್ಲ. 'ದಿಂಬಿನ' ನಕಾರದ ತಲೆಕಟ್ಟು ಬಲಕ್ಕೆ ಚಿಮ್ಮಿ ಮೇಲೇರಿತ್ತು. ಕಾಗೆಕಾಲಪ್ಪ ನೋಟು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮಜ್ಜ ಹೇಗಿದ್ರಮ್ಮಾ? ಧೈರ್ಯಸ್ಥರಾ?"

ನರ್ಸಮ್ಮ ನಕ್ಕುಬಿಟ್ಟರು. "ಅಯ್ಯೋ, ಇಲಿ ಕಂಡ್ರೆ ಮಂಚ ಹತ್ತೋರು!"

ಒಳಗಿನಿಂದ ಕಾಫಿ ತಂದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನರ್ಸಮ್ಮ ಹೊರಟ ಮೇಲೆ ಮೆಲ್ಲಗೆ ಕೇಳಿದರು. "ಅಲ್ರೀ, ಸಾಹೇಬ್ರು ಬರೆದು ಕಳಿಸಿದ ಪತ್ರ ಸಾಹೇಬ್ರ ಕಚೇರೀಲೇ ಹೇಗೆ ಉಳೀತು? ಉಳಿಯೋದು ನಕಲು ತಾನೇ?"

ಜೀವಮಾನವಿಡೀ ಪತ್ರಗಳನ್ನು ಕಳಿಸಿದ ಮನುಷ್ಯನಿಗೆ ಇದೊಂದು ಹೊಳೆದಿರಲಿಲ್ಲ. ಅರವತ್ತೆರಡನ್ನೂ ಮತ್ತೆ ಹರಡಿದರು. ಪ್ರತಿ ಪತ್ರದ ಅಂಚಿನಲ್ಲೂ ಪೆನ್ಸಿಲಿನಲ್ಲಿ ನಡುಗುವ ಪುಟ್ಟ ಅಕ್ಷರದಲ್ಲಿ "ಆಗಬಹುದು" ಎಂದಿತ್ತು. ಹಾಗೆ ಒಪ್ಪಿಗೆ ಕೊಡಬಲ್ಲವರು ಆ ಕಚೇರಿಯಲ್ಲಿ ಒಬ್ಬರೇ. ಅದರ ಬಗ್ಗೆ ತಾವು ಪುಸ್ತಕದಲ್ಲಿ ಏನು ಬರೆದಿದ್ದೇವೆಂದು ತೆರೆದು ನೋಡಿದರು: "ಇದು ಯಾರೋ ಪುಕ್ಕಲು ಸ್ವಭಾವದ ಗುಮಾಸ್ತನ ಗೀಚು."

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತಿದ್ದರು. ಅಧಿಕಾರಿ ಪೂರ್ತಿ ಕೇಳಿಸಿಕೊಂಡು ಕುರ್ಚಿಗೆ ಒರಗಿದರು.

"ಹೇಳಿ ಬರೆಸ್ತಿದ್ದೋರು ಸಾಹೇಬ್ರು ತಾನೇ? ಗುಣ ಅವರದ್ದೇ, ಕೈ ಮಾತ್ರ ಗುಮಾಸ್ತರದ್ದು. ಬಿಡಿ ಸಾರ್."

"ಹಾಗಾಗಲ್ಲ ಸಾರ್. ಇದು ತಪ್ಪು ಮನೆಗೆ ಹೋದ ಕಾಗದ."

ಹಟ ಹಿಡಿದು, ಅಕ್ಷರ ಸಾಹೇಬರದಲ್ಲ, ನಕಲು ಗುಮಾಸ್ತರದು ಎಂಬ ತಿದ್ದುಪಡಿ ಚೀಟಿ ಅಚ್ಚು ಹಾಕಿಸಿದರು. ಗಂಡ ಹೆಂಡತಿ ಮೂರು ದಿನ ಉಗ್ರಾಣದಲ್ಲಿ ಕೂತು ಪ್ರತಿ ಪುಸ್ತಕದ ಮೊದಲ ಪುಟಕ್ಕೂ ಅದನ್ನು ಅಂಟಿಸಿದರು. ಸಮಾರಂಭದ ಹೊತ್ತಿಗೆ ಚೀಟಿಯನ್ನು ಯಾರೂ ಓದಿರಲಿಲ್ಲ. ಭಾಷಣ ಮಾಡಿದ ಐವರೂ ಸಾಹೇಬರ ಚಿಮ್ಮುವ ತಲೆಕಟ್ಟನ್ನು ಬಾಯಿತುಂಬ ಹೊಗಳಿದರು. ವೇದಿಕೆಯ ಮೂಲೆಯಲ್ಲಿ ಕಾಗೆಕಾಲಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಕೈಬರಹದಿಂದ ಗುಣ ಹೇಳುವುದನ್ನು ಅಂದಿಗೇ ಬಿಟ್ಟರು. ತಮಗೆ ತಿಳಿಯದೆಂದು ತಾವೇ ಹೇಳುವ ಇಂಥ ಪ್ರಾಮಾಣಿಕರು ಬೇರೆಲ್ಲಿ ಸಿಗುತ್ತಾರೆ ಎಂದು ಅಂಗಡಿಯವರು ಮೊದಲಿಗಿಂತ ಹೆಚ್ಚಾಗಿ ಬರತೊಡಗಿದರು. ಕೊನೆಗೆ ಹೆಂಡತಿಯೇ ಬಾಗಿಲಲ್ಲಿ ನಿಂತು ಅವರನ್ನು ಸಾಗಹಾಕಬೇಕಾಯಿತು.

ಆಮೇಲೂ ಚೀಟಿಯನ್ನು ಓದಿದವರು ಒಬ್ಬರೇ, ನರ್ಸಮ್ಮ. ಒಂದು ತಿಂಗಳ ಮೇಲೆ ಅವರು ಕಾಗೆಕಾಲಪ್ಪನವರನ್ನು ಮನೆಗೆ ಕರೆದರು. ನಡುಮನೆಯ ಗೋಡೆಯ ಮೇಲೆ ಅಜ್ಜನ ಫೋಟೋ, ಅದರ ಕೆಳಗೆ ಕಟ್ಟು ಹಾಕಿಸಿದ ಒಂದು ಸಾಲು: "ಭಯವೆಂಬುದು ಈ ಕೈಗೆ ಗೊತ್ತಿಲ್ಲ."

"ಅಮ್ಮಾ, ಇಲಿ ಕಂಡ್ರೆ ಮಂಚ ಹತ್ತೋರು ಅಂತ ನೀವೇ ಹೇಳಿದ್ರಲ್ಲ?" ಅಂದರು ಕಾಗೆಕಾಲಪ್ಪ.

"ಅಜ್ಜ ಇದ್ದಾಗ ನನಗೆ ಎಂಟು ವರ್ಷ, ಏನು ತಿಳೀತಿತ್ತು? ನೀವು ಭೂತಗನ್ನಡಿ ಹಾಕಿ ನೋಡಿದೋರು" ಎಂದು ನರ್ಸಮ್ಮ ಅವರನ್ನು ಫೋಟೋದ ಹತ್ತಿರ ಕರೆದೊಯ್ದರು. "ಈಗ ನೋಡಿದ್ರೆ ನನಗೂ ಕಾಣುತ್ತೆ. ಆ ಕಣ್ಣು ನೋಡಿ ಸಾರ್, ಎಂಥ ಧೈರ್ಯ!"

ಕಾಗೆಕಾಲಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. ಫೋಟೋ ತೆಗೆಯುವವನು ಬೆಳಕು ಹೊಡೆದ ರಭಸಕ್ಕೋ ಏನೋ, ಅಜ್ಜ ಎರಡೂ ಕೈಯಲ್ಲಿ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು.