ಹಡಗಿನ ದರ ಕೇಳುತ್ತ ಕಾಗವಾಡದವರೆಗೆ

ಶನಿವಾರ ಬೆಳಿಗ್ಗೆ ಏಳೂವರೆಗೆ ಚಿಕ್ಕೋಡಿಯಲ್ಲಿ ನಿಪ್ಪಾಣಿಯ ಬಸ್ಸು ಹತ್ತಿದೆ. ಎರಡು ಸಾವಿರದ ಹದಿನೆಂಟನೆಯ ಇಸವಿ ಮುಗಿಯುತ್ತ ಬಂದಿತ್ತು. ಕಬ್ಬಿನ ಹಂಗಾಮು ಜೋರಾಗಿ ನಡೆದಿದ್ದರಿಂದ ಬಸ್ಸು ಊರು ದಾಟುವಷ್ಟರಲ್ಲೇ ಎರಡು ಜೋಡಿ ಟ್ರೇಲರುಗಳ ಹಿಂದೆ ಸಿಕ್ಕಿಬಿದ್ದಿತು. ಚಳಿ ಇತ್ತು. ನನ್ನ ತೊಡೆಯ ಮೇಲೆ ಒಂದು ಹಾಳೆ ಇತ್ತು. ಅದರಲ್ಲಿ ಸ್ಕೇಲು ಹಿಡಿದು ಪಟ್ಟಿಯ ಮನೆಗಳನ್ನು ಎಳೆದು, ಊರು, ಹಡಗು, ತಲೆಗೆ ದರ, ಊಟ, ಮಂಚ ಎಂದು ಬರೆದಿದ್ದೆ. ಕೊನೆಯ ಮನೆಯೇ ಮುಖ್ಯ.

ನಾನು ಪಿ.ಯು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಪೈಪೋಟಿ ಇದ್ದಲ್ಲಿ ದರ ಇಳಿಯುತ್ತದೆ, ಒಬ್ಬನೇ ಇದ್ದಲ್ಲಿ ಅವನು ಹೇಳಿದ್ದೇ ದರ ಎಂದು ಇಪ್ಪತ್ತು ವರ್ಷದಿಂದ ಮಕ್ಕಳ ತಲೆಗೆ ತುಂಬುತ್ತಿದ್ದೇನೆ. ಮನೆಯಲ್ಲಿ ಈ ವಿದ್ಯೆಗೆ ಅಷ್ಟು ಮರ್ಯಾದೆ ಇಲ್ಲ. "ಇಪ್ಪತ್ತು ರೂಪಾಯಿ ಉಳಸಾಕ ಐವತ್ತು ರೂಪಾಯಿ ಬಸ್ಸಿಗೆ ಕೊಡಾಕಿ ಈಕಿ," ಎಂದು ನನ್ನ ಗಂಡ ಹೊರಡುವಾಗಲೂ ಅಂದ. ಫೋನಿನಲ್ಲಿ ಕೇಳಬಹುದಿತ್ತು, ನಿಜ. ಆದರೆ ದರ ಇಳಿಯುವುದು ಮುಖ ನೋಡಿದಾಗ.

ಹುಡುಕಾಟ ಯಾತಕ್ಕೆಂದು ಹೇಳಿಬಿಡುತ್ತೇನೆ. ನಾವು ನಾಲ್ವರು ಅಕ್ಕತಂಗಿಯರು. ಹಿರಿಯಳು ಪದ್ಮಕ್ಕ ಕಾಗವಾಡದಲ್ಲಿ, ಎರಡನೆಯ ವಿಮಲಕ್ಕ ನಿಪ್ಪಾಣಿಯಲ್ಲಿ, ನಾನು ಚಿಕ್ಕೋಡಿಯಲ್ಲಿ, ಕಿರಿಯ ಶೋಭಾ ಅಥಣಿಯಲ್ಲಿ. ರಾಯಬಾಗದ ತವರಿನಲ್ಲಿ ನಾಲ್ವರೂ ಒಂದೇ ಕೌದಿಯ ಕೆಳಗೆ ಮಲಗಿ ಬೆಳೆದವರು. ಆರು ವರ್ಷದ ಹಿಂದೆ ಅವ್ವ ಹೋದಳು, ಮನೆ ಮಾರಿದೆವು. ಅಲ್ಲಿಂದ ಮದುವೆಗೋ ಮಣ್ಣಿಗೋ ಸೇರಿದ್ದೇ ಹೌದು. ಸೇರಿದಾಗಲೂ ಮಾತು ಬಾಯಿಗೆ ಬರುವಷ್ಟರಲ್ಲಿ ಒಬ್ಬಳು ಕೊನೆಯ ಬಸ್ಸಿಗೆಂದು ಏಳುತ್ತಾಳೆ. ನನಗೆ ಒಂದು ರಾತ್ರಿ ನಾಲ್ವರೂ ಒಂದೇ ಕೋಣೆಯಲ್ಲಿ ಮಲಗಬೇಕಿತ್ತು. ಆ ಆಸೆ ಈಚೆಗೆ ಹಸಿವಿನ ಹಾಗೆ ಹೊತ್ತು ಹೊತ್ತಿಗೆ ಏಳುತ್ತಿತ್ತು. ಅಷ್ಟರಲ್ಲಿ ಮುಂಬಯಿಯಿಂದ ಗೋವಾಕ್ಕೆ ಪ್ರವಾಸದ ಹಡಗು ಶುರುವಾಗಿದೆ ಎಂದು ಪೇಪರಿನಲ್ಲಿ ಓದಿದೆ. ಹಡಗಿನಿಂದ ಯಾರೂ ಕೊನೆಯ ಬಸ್ಸಿಗೆಂದು ಎದ್ದು ಹೋಗುವಂತಿಲ್ಲ. ಅವತ್ತೇ ನಿಶ್ಚಯ ಮಾಡಿದೆ.

ನಿಪ್ಪಾಣಿ ಮುಟ್ಟಿದಾಗ ಒಂಬತ್ತಕ್ಕೆ ಹತ್ತು ನಿಮಿಷ. ಟಿಕೀಟು ಮೂವತ್ತು ರೂಪಾಯಿ ಚಿಲ್ಲರೆ. ಬಸ್ಸಿನಿಂದ ಇಳಿಯುತ್ತಲೇ ತಂಬಾಕಿನ ಘಾಟು ಮೂಗಿಗೆ ಹತ್ತಿ ಸೀನು ಬಂತು. ವಿಮಲಕ್ಕ ನಿಲ್ದಾಣದಲ್ಲೇ ಕಾಯುತ್ತಿದ್ದಳು. ಇಬ್ಬರೂ ಮೇನ್ ರೋಡಿನ ಟ್ರಾವೆಲ್ಸ್ ಅಂಗಡಿಗೆ ಹೋದೆವು. ಪುಣೆ, ಮುಂಬಯಿಯ ರಾತ್ರಿ ಬಸ್ಸಿನ ಟಿಕೀಟು, ಮೊಬೈಲ್ ರೀಚಾರ್ಜು, ಕಾಶಿಯಾತ್ರೆ ಎಲ್ಲವೂ ಅಲ್ಲೇ. "ಯಾ ಯಾ, ಬಸಾ. ಕೂಡ್ರಿ ಮ್ಯಾಡಮ್," ಎಂದು ಮಾಲಕ ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ಕೂರಿಸಿದ.

ಅವನು ಎರಡು ಹಡಗು ತೋರಿಸಿದ. ಒಂದು ವಿದೇಶಿ ಕಂಪನಿಯದು, ಹನ್ನೊಂದು ಅಂತಸ್ತು, ಮುಂಬಯಿಯಿಂದ ಮೂರು ರಾತ್ರಿ. ತಲೆಗೆ ಇಪ್ಪತ್ತೆಂಟು ಸಾವಿರ, ಫ್ಯಾಮಿಲಿ ಆಫರಿನಲ್ಲಿ ಅದೇ ಕೋಣೆಯ ಮೂರನೆಯ ಮತ್ತು ನಾಲ್ಕನೆಯವರಿಗೆ ಅರ್ಧ. ಬಂದರಿನ ತೆರಿಗೆ, ಕೆಲಸದವರ ಭಕ್ಷೀಸು ಬೇರೆ. ಇನ್ನೊಂದು ಮುಂಬಯಿ–ಗೋವಾದ ಸಣ್ಣದು, ಒಂದು ರಾತ್ರಿ, ಊಟ ಸೇರಿ ತಲೆಗೆ ಎಂಟೂವರೆ ಸಾವಿರ. ಅದಕ್ಕೆ ಆಫರಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಆ ದಾರಿಯಲ್ಲಿ ಅದೊಂದೇ ಹಡಗು. ದೊಡ್ಡದಕ್ಕೆ ಸಿಂಗಾಪುರದ ಹಡಗುಗಳ ಪೈಪೋಟಿ ಇದೆ, ಅದಕ್ಕೇ ಬಾಗುತ್ತದೆ. ನನ್ನ ಪಾಠ ಗೋಡೆಯ ಮೇಲಿನ ಪೋಸ್ಟರಿನಲ್ಲೇ ಇತ್ತು.

ತೊಡಕಾದದ್ದು ಫ್ಯಾಮಿಲಿ ಎಂಬ ಮಾತು. "ಫ್ಯಾಮಿಲಿ ಅಂದ್ರ ಗಂಡ, ಹೆಂಡ್ತಿ, ಎರಡು ಮಕ್ಕಳ್ರಿ," ಅಂದ ಅವನು. "ನಿಮ್ಮ ನಾಲ್ಕ ಆಧಾರ್ ಕಾರ್ಡಿನ್ಯಾಗ ನಾಲ್ಕ ಅಡ್ಡಹೆಸರು ಅದಾವ. ಕಂಪನಿಯವ್ರು ಎರಡು ಕೋಣಿ ಮಾಡ್ತಾರ, ಪೂರಾ ದರ ತಗೋತಾರ."

ವಿಮಲಕ್ಕನಿಗೆ ಸಿಟ್ಟು ಬಂತು. "ಒಬ್ಬಾಕಿ ಹೊಟ್ಟ್ಯಾಗ ಹುಟ್ಟೀವಿ. ಇದಕ್ಕಿಂತ ಫ್ಯಾಮಿಲಿ ಬೇಕೇನು ನಿಮ್ಮ ಕಂಪನಿಗೆ?"

"ನನಗ ತಿಳೀತೈತ್ರಿ. ಕಂಪ್ಯೂಟರ್‌ಗೆ ತಿಳ್ಯಾಂಗಿಲ್ಲ," ಅಂದ.

ಊಟದ ಮಾತೂ ಬಂತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಪದ್ಮಕ್ಕ ನೀರನ್ನೂ ಮುಟ್ಟುವುದಿಲ್ಲ. ಜೈನ ಊಟ ಸಿಗುತ್ತದೆ, ಆದರೆ ರಾತ್ರಿ ಎಂಟಕ್ಕೆ ಎಂದ. ಗಡ್ಡೆಗೆಣಸು ಹಾಕದಿದ್ದರೆ ಜೈನ ಊಟ ಆಯಿತೆಂದು ಹಡಗಿನವರು ತಿಳಿದಿದ್ದರು. ಹಾಳೆಯಲ್ಲಿ ನಿಪ್ಪಾಣಿಯ ಸಾಲಿಗೆ ಎಲ್ಲವನ್ನೂ ಬರೆದುಕೊಂಡೆ, ಮಂಚದ ಮನೆಯಲ್ಲಿ ಅಡ್ಡಗೆರೆ ಎಳೆದೆ. ವಿಮಲಕ್ಕನ ಮನೆಯಲ್ಲಿ ಅವಲಕ್ಕಿ ತಿಂದು ಹನ್ನೊಂದರ ಬಸ್ಸಿಗೆ ಹೊರಟೆ. "ಪದ್ಮಕ್ಕಗ ಹೇಳೀಯೇನ?" ಎಂದು ಅವಳು ಕಿಟಕಿಯ ಹತ್ತಿರ ಬಂದು ಕೇಳಿದಳು. ಗಟ್ಟಿಯಾದ ಮೇಲೆ ಹೇಳುತ್ತೇನೆ, ಮೊದಲೇ ಆಸೆ ಹುಟ್ಟಿಸುವುದು ಬೇಡ ಎಂದೆ. ಅವಳಿಗೂ ಅದು ಸರಿಯೆನಿಸಿತು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಕಬ್ಬೂರ ಸುತ್ತಿ ಹೋಗುವ ಬಸ್ಸೇ ಸಿಕ್ಕಿದ್ದರಿಂದ ರಾಯಬಾಗ ಸೇರುವಾಗ ಎರಡೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿನ ಏಜೆಂಟನದು ವಿಮೆಯ ಕೆಲಸ, ಪ್ರವಾಸ ಜೊತೆಗೆ. ನಾನು ಹಡಗು ಅನ್ನುತ್ತಲೇ, "ನಿಪ್ಪಾಣ್ಯಾಗ ಕೇಳೇ ಬಂದಿರ್ತೀರಿ, ಎಷ್ಟ ಹೇಳಿದ್ರು?" ಎಂದು ಕೇಳಿದ. ಹೇಳಿದೆ. "ಅದಕ್ಕಿಂತ ಐನೂರು ಕಡಿಮಿ ಹಿಡೀರಿ," ಎಂದ, ಒಂದು ಕಾಗದವನ್ನೂ ತೆಗೆದು ನೋಡದೆ. ಇಬ್ಬರೂ ಮಾರುವುದು ಅದೇ ಹಡಗು, ಅದೇ ಕೋಣೆ. ಇಲ್ಲಿಯ ಪೈಪೋಟಿ ಹಡಗಿನವರ ನಡುವೆ ಇರಲಿಲ್ಲ, ಈ ಬಡಪಾಯಿಗಳ ಕಮಿಷನ್ನಿನೊಳಗೆ ಇತ್ತು.

ಆದರೆ ಅವನ ಮಾತಿನ ಮೇಲೆ ನನ್ನ ಲಕ್ಷ್ಯ ನಿಲ್ಲಲಿಲ್ಲ. ಅಂಗಡಿ ನಮ್ಮ ತವರುಮನೆ ಇದ್ದ ಜಾಗಕ್ಕೆ ಎದುರಾಗಿತ್ತು. ಈಗ ಅಲ್ಲಿ ಎರಡಂತಸ್ತಿನ ಕಾಂಪ್ಲೆಕ್ಸು. ನಾವು ಮಲಗುತ್ತಿದ್ದ ಪಡಸಾಲೆಯ ಜಾಗದಲ್ಲಿ ಫ್ರಿಜ್ಜುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮಾರಿದವರು ನಾವೇ, ಯಾರನ್ನೂ ಬೈಯುವಂತಿಲ್ಲ. ಕೌದಿಯ ಗೋಡೆ ಕಡೆಯ ಅಂಚು ಪದ್ಮಕ್ಕನದು, ಅಲ್ಲಿ ತಣ್ಣಗಿರುತ್ತಿತ್ತು. ನಮಗೆ ಚಳಿಯಾಗದಿರಲಿ ಎಂದು ಅವಳು ಆ ಜಾಗ ಹಿಡಿಯುತ್ತಿದ್ದಳು ಎಂಬುದು ನನಗೆ ಹೊಳೆದದ್ದು ನಾನೇ ತಾಯಿಯಾದ ಮೇಲೆ. ಅಲ್ಲಿ ಕುಳಿತು ಅವಳು ಬಹಳ ನೆನಪಾದಳು.

"ಒಂದ ಕೋಣ್ಯಾಗ ನಾಲ್ಕ ಮಂದಿ ಆಗತೈತೇನ್ರಿ?" ಎಂದು ಏಜೆಂಟನನ್ನು ಕೇಳಿದೆ. ವಿಚಾರಿಸಿ ಹೇಳುತ್ತೇನೆ ಎಂದ. ಹೇಳಲಾರ ಎಂದು ಗೊತ್ತಾಯಿತು.

ಕುಡಚಿ ದಾಟಿ, ಕೃಷ್ಣೆಯ ಸೇತುವೆ ದಾಟಿ, ಉಗಾರ ಖುರ್ದದಲ್ಲಿ ಮತ್ತೆ ಕಬ್ಬಿನ ಗಾಡಿಗಳ ಸಾಲು. ಕಾರ್ಖಾನೆಯ ಸಿಹಿ ವಾಸನೆ ಬಸ್ಸಿನೊಳಗೇ ಬಂದು ಕೂತಿತು. ಅರ್ಧ ತಾಸು ನಿಂತೆವು. ಅಥಣಿ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಶೋಭಾ ಬಾಗಿಲಲ್ಲೇ, "ಊಟಾ ತಪ್ಪಿಸಿಕೊಂಡಿ ನೋಡ. ಬೆಳಿಗ್ಗಿ ತನಕಾ ಉಪಾಸ," ಎಂದು ನಕ್ಕಳು. ನಾನು ಅಷ್ಟು ಕಟ್ಟುನಿಟ್ಟಿನವಳಲ್ಲ, ರೊಟ್ಟಿ ತಿಂದೆ. ಮಲಗುವ ಮುಂಚೆ ಅವಳೂ ವಿಮಲಕ್ಕ ಕೇಳಿದ್ದನ್ನೇ ಕೇಳಿದಳು. "ಅಕ್ಕಗ ಕೇಳೂದೇನೈತಿ, ಖುಷಿ ಆಗತಾಳ," ಎಂದೆ.

ಭಾನುವಾರ ಬೆಳಿಗ್ಗೆ ಚಪ್ಪಲಿ ಅಂಗಡಿಗಳ ಓಣಿಯಲ್ಲಿ ಮೂರನೆಯ ಏಜೆಂಟನ ಹತ್ತಿರ ಹೋದೆವು. ಅವನು ಅಂಗಡಿ ತೆರೆದು ಎರಡು ತಿಂಗಳಾಗಿತ್ತು. ಇನ್ನೂ ಒಬ್ಬರನ್ನೂ ಸಮುದ್ರಕ್ಕೆ ಕಳಿಸಿದವನಲ್ಲ. ಹೊಸಬನ ಹಸಿವು ಗಿರಾಕಿಗೆ ಹಬ್ಬ. ನಮ್ಮ ಎದುರಿಗೇ ಮುಂಬಯಿಗೆ ಫೋನು ಹಚ್ಚಿ ಮರಾಠಿಯಲ್ಲಿ ಇಪ್ಪತ್ತು ನಿಮಿಷ ಮಾತಾಡಿದ. ಸಣ್ಣ ಹಡಗಿನಲ್ಲಿ ನಾಲ್ಕು ಮಂಚದ ಒಂದು ಕೋಣೆ ಇದೆಯೆಂದೂ, ಅಡ್ಡಹೆಸರು ಯಾರೂ ಕೇಳುವುದಿಲ್ಲವೆಂದೂ, ಊಟ ಐದೂವರೆಗೆ ಡಬ್ಬಿಯಲ್ಲಿ ಕೊಡುತ್ತಾರೆಂದೂ ಹೇಳಿದ. ತಲೆಗೆ ಏಳು ಸಾವಿರದ ಇನ್ನೂರು. ಗುರುವಾರದೊಳಗೆ ನಾಲ್ಕು ಹೆಸರು ಕೊಡಬೇಕು. ಕೋಣೆಯ ಬಣ್ಣದ ಚಿತ್ರವೊಂದನ್ನು ಕೈಗೆ ಕೊಟ್ಟ. ಮೇಲೆರಡು ಮಂಚ, ಕೆಳಗೆರಡು, ನಡುವೆ ಒಂದು ದುಂಡು ಕಿಟಕಿ. ಶೋಭಾ ಅಂಗಡಿಯ ಮೆಟ್ಟಿಲಿಳಿಯುತ್ತಲೇ ತನಗೆ ಮೇಲಿನದು ಬೇಕೆಂದು ತಕರಾರು ತೆಗೆದಳು. ನನಗೆ ಇಷ್ಟು ಸಂತೋಷವಾಗಿ ವರ್ಷಗಳಾಗಿದ್ದವು.

ಶೋಭಾಗೆ ಮನೆಯಲ್ಲಿ ನೆಂಟರು. ಒಬ್ಬಳೇ ಕಾಗವಾಡದ ಬಸ್ಸು ಹತ್ತಿದೆ. ಮಂಗಸೂಳಿಯಲ್ಲಿ ಭಾನುವಾರದ ಮಲ್ಲಯ್ಯನ ಭಕ್ತರು ಹತ್ತಿದರು, ಹಣೆಯ ತುಂಬ ಅರಿಷಿಣದ ಭಂಡಾರ. ನನ್ನ ಪಕ್ಕದ ಮುದುಕಿ ಚಿತ್ರ ನೋಡಿ, "ದವಾಖಾನಿ ಏನವ್ವಾ ಇದು?" ಎಂದಳು. ಹಡಗಿನ ಕೋಣೆ, ನಾವು ನಾಲ್ವರು ಅಕ್ಕತಂಗಿಯರು ಮಲಗುವುದಕ್ಕೆ ಎಂದೆ. ಬಹಳ ಹೊತ್ತು ನೋಡಿ, ಅರಿಷಿಣ ಹತ್ತದ ಹಾಗೆ ಅಂಚು ಹಿಡಿದು ತಿರುಗಿ ಕೊಟ್ಟಳು.

ಕಾಗವಾಡ ಆಗಷ್ಟೇ ತಾಲೂಕಾಗಿತ್ತು, ಹಳೆಯ ಕಟ್ಟಡಗಳಿಗೆ ಹೊಸ ಫಲಕ ಬಂದಿದ್ದವು. ಪದ್ಮಕ್ಕನ ಮನೆ ಬಸದಿಯ ಹಿಂದಿನ ಓಣಿಯಲ್ಲಿ. ಭಾವ ತೀರಿ ಒಂಬತ್ತು ವರ್ಷ. ಮಗ, ಸೊಸೆ ಇಬ್ಬರೂ ಶಾಲೆಯ ನೌಕರಿಯವರು, ಅವತ್ತು ಸಾಂಗಲಿಗೆ ಹೋಗಿದ್ದರು. ಅಕ್ಕ ತಿಳಿ ಬಣ್ಣದ ಸೀರೆಯುಟ್ಟು ಅವರೆಕಾಯಿ ಸುಲಿಯುತ್ತಿದ್ದಳು. ನೋಡಿದವಳೇ ಗಾಬರಿಯಾದಳು. "ಯಾರ್ಗೇನಾತು?"

ಯಾರಿಗೂ ಏನೂ ಆಗಿಲ್ಲ ಎಂದು ನಂಬಿಸುವುದಕ್ಕೆ ಎರಡು ಸಲ ಹೇಳಬೇಕಾಯಿತು. ರೊಟ್ಟಿ, ಅವರೆಕಾಳಿನ ಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಉಂಡಾದ ಮೇಲೆ ಹಾಳೆ ಬಿಚ್ಚಿ ಮೂರು ಊರಿನ ದರ, ಕಂಪನಿಗಳ ಆಟ, ನಾನು ಗೆದ್ದ ರೀತಿ ಎಲ್ಲ ಹೇಳಿದೆ. ಕೊನೆಗೆ ಚಿತ್ರ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಮಂಚದ ಮೇಲೆ ಬೆರಳಿಟ್ಟು ನಮ್ಮ ಹೆಸರು ಹೇಳಿದಳು. ತನಗೆ ಕಿಟಕಿಯ ಪಕ್ಕದ್ದು ಇಟ್ಟುಕೊಂಡಳು. ಅಲ್ಲಿ ಗಾಳಿ ಬರುತ್ತದೆಯೋ ಏನೋ, ನಿಮಗೆ ಬೇಡ ಎಂದಳು. ಆಮೇಲೆ ಚಿತ್ರವನ್ನು ನನ್ನ ತೊಡೆಯ ಮೇಲಿಟ್ಟು, "ನನಗ ಆಗೂದಿಲ್ಲ ಸುನಂದಾ," ಎಂದಳು.

ಹಿಂದಿನ ವರ್ಷದ ಚಾತುರ್ಮಾಸದಲ್ಲಿ ಊರಿಗೆ ಬಂದ ಮುನಿಗಳ ಎದುರು ಅವಳು ದಿಗ್ವ್ರತ ತೆಗೆದುಕೊಂಡಿದ್ದಳು. ನಾಲ್ಕು ದಿಕ್ಕಿಗೂ ಒಂದೊಂದು ಗೆರೆ ಹಾಕಿಕೊಂಡು, ಬದುಕಿರುವವರೆಗೆ ಅದರಾಚೆ ಹೋಗುವುದಿಲ್ಲ ಎನ್ನುವ ವ್ರತ. ನಮ್ಮಲ್ಲಿ ವಯಸ್ಸಾದವರು ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡರೆ ಮುರಿಯುವ ಮಾತೇ ಇಲ್ಲ. ಅಂಥ ಮನೆಯಲ್ಲಿ ಹುಟ್ಟಿ, ಅಕ್ಕನ ವಯಸ್ಸಿನವಳನ್ನು ಮೊದಲು ಇದನ್ನು ಕೇಳಬೇಕೆಂದು ನನಗೆ ಹೊಳೆಯದೇ ಹೋಗಿತ್ತು. ಮೂವರು ಏಜೆಂಟರನ್ನು ಕೇಳಿದ್ದೆ. ಅವಳನ್ನು ಕೇಳಿರಲಿಲ್ಲ.

"ಎಲ್ಲೀತನಕ ಹಾಕ್ಕೊಂಡಿ ಗೆರಿ?" ಎಂದೆ. ಸಿಟ್ಟೂ ಇತ್ತು ನನ್ನ ದನಿಯಲ್ಲಿ.

"ಬಾಕಿ ಮಂದಿ ಯಾತ್ರಾ ತಪ್ಪಬಾರದಂತ ಶಿಖರ್ಜಿತನಕ, ಶ್ರವಣಬೆಳಗೊಳತನಕ ಇಟ್ಕೊಂಡ್ರು. ಮುನಿ ಮಹಾರಾಜರು ಕೇಳಿದ್ರು, ನಿಂದೆಲ್ಲೀತನಕ ತಾಯಿ ಅಂತ. ನಾ ಅಂದೆ, ಮೂಡಲಕ್ಕ ಅಥಣಿ, ಪಡುವಲಕ್ಕ ನಿಪ್ಪಾಣಿ, ತೆಂಕಲಕ್ಕ ಚಿಕ್ಕೋಡಿ. ಬಡಗಲಕ್ಕ ಮಿರಜಿ ಇರಲಿ, ದವಾಖಾನಿ ಐತಿ."

ಅವಳು ಅವರೆಕಾಯಿಯ ಬುಟ್ಟಿ ಮತ್ತೆ ಎಳೆದುಕೊಂಡಳು.

"ನೀವು ಮೂರೂ ಮಂದಿ ಕರದಾಗ ಇಲ್ಲ ಅನ್ನಬಾರದಲ್ಲ," ಎಂದಳು. "ಮತ್ತ್ಯಾವ ಊರು ಬೇಕು ನನಗ?"

ಅವ್ವ ಹೋದ ಮೇಲೆ ಪದ್ಮಕ್ಕ ನನ್ನ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ನಾನು ಕರೆದಿಲ್ಲ. ಪರೀಕ್ಷೆ, ಮೌಲ್ಯಮಾಪನ, ಮಗನ ಟ್ಯೂಶನ್ನು, ಏನೋ ಒಂದು. ವಿಮಲಕ್ಕನೂ ಕರೆದಿಲ್ಲ, ಶೋಭಾಳೂ ಕರೆದಿಲ್ಲ. ಒಂದೂವರೆ ತಾಸಿನ ದಾರಿಯಲ್ಲಿ ಅಕ್ಕ ಗೆರೆ ಎಳೆದುಕೊಂಡು ಕಾಯುತ್ತಿದ್ದಳು, ನಾನು ಅವಳ ಪಕ್ಕ ಮಲಗುವುದಕ್ಕೆ ಸಮುದ್ರಕ್ಕೆ ಹೋಗಿ ಕೋಣೆ ಹುಡುಕುತ್ತಿದ್ದೆ. ಅಳು ಬಂತು, ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, "ನೀವು ಮೂರೂ ಮಂದಿ ಹೋಗಿ ಬರ್ರಿ. ಸಮುದ್ರ ಹ್ಯಾಂಗೈತಿ ಬಂದು ಹೇಳ್ರಿ," ಎಂದಳು.

ನಾಲ್ಕು ಗಂಟೆಯ ಬಸ್ಸಿಗೆ ಬಿಡಲು ನಿಲ್ದಾಣದವರೆಗೆ ಬಂದಳು. ಹತ್ತಿ ಕುಳಿತೆ. "ಶನಿವಾರ ಬಾ ಅಕ್ಕಾ, ನಮ್ಮ ಮನಿಗೆ," ಎಂದೆ ಕಿಟಕಿಯಿಂದ. "ರಾತ್ರಿ ವಸ್ತಿ ಬಾ. ವಿಮಲಕ್ಕನೂ ಶೋಭಾನೂ ಬರತಾರ."

ಅವಳು ಹಗುರವಾಗಿ ನಗುತ್ತಾಳೆ, ನೋಡೋಣ ಎನ್ನುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಬಸ್ಸಿನ ಪಕ್ಕಕ್ಕೆ ಇನ್ನೂ ಹತ್ತಿರ ಬಂದು ಕಿಟಕಿಯ ಸರಳು ಹಿಡಿದುಕೊಂಡಳು.

"ಹೊತ್ತು ಮುಳುಗೂಕಿಂತ ಮೊದಲ ಮುಟ್ಟಬೇಕಲ್ಲ, ಮುಂಜಾನಿ ಬಸ್ಸಿಗೇ ಬರಲೇನು?"

"ಮೊದಲನೇ ಬಸ್ಸಿಗೇ ಬಾ."

ಬಸ್ಸು ಹೊರಟಿತು. ತಿರುವಿನವರೆಗೂ ತಿರುಗಿ ನೋಡಿದೆ. ಬಸ್ಸಿನ ಧೂಳು ಇಳಿದಿತ್ತು. ಪದ್ಮಕ್ಕ ಮನೆಯ ಕಡೆ ಹೋಗಿರಲಿಲ್ಲ. ವಿಚಾರಣೆಯ ಕಿಟಕಿಯ ಮುಂದೆ ನಿಂತು ಒಳಗಿನವನನ್ನು ಏನೋ ಕೇಳುತ್ತಿದ್ದಳು, ಶನಿವಾರದ ಮೊದಲನೆಯ ಚಿಕ್ಕೋಡಿ ಬಸ್ಸು ಎಷ್ಟಕ್ಕೆಂದೇ ಇರಬೇಕು.